ಏಳು ಎಲೆ, ಒಂದು ಮಾತ್ರೆ

ತಿಪಟೂರು ದೊಡ್ಡಪ್ಪ ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆಮಂದಿ ಗುಂಪಿಗೆ ಕಳಿಸಿದ್ದು ಇದು:

“ವಿದೇಶಿ ಕಂಪನಿಗಳು ಮುಚ್ಚಿಟ್ಟ ಸತ್ಯ!!! ನಿಮ್ಮ ಅಂಗಳದ ನಿತ್ಯಪುಷ್ಪದ ಏಳು ಎಲೆ, ಖಾಲಿ ಹೊಟ್ಟೆಗೆ. ಒಂದು ಮಂಡಲದಲ್ಲಿ ಸಕ್ಕರೆ ಕಾಯಿಲೆ ಬೇರುಸಹಿತ ಮಾಯ. ಕ್ಯಾನ್ಸರಿಗೂ ಇದೇ ಮದ್ದು ಎಂದು ಅಮೆರಿಕದವರೇ ಒಪ್ಪಿದ್ದಾರೆ. ಹತ್ತು ಜನರಿಗೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.”

ಕೆಳಗೊಂದು ಹೂವಿನ ಫೋಟೊ. ಅದು ದಾಸವಾಳ. ಮಧ್ಯಾಹ್ನದವರೆಗೂ ಯಾರೂ ಗಮನಿಸಲಿಲ್ಲ.

ಏಳು ಗಂಟೆ ಹೊತ್ತಿಗೆ ಕೈಮುಗಿದ ಚಿತ್ರಗಳ ಸಾಲು. ದಾವಣಗೆರೆ ಅತ್ತೆಯಿಂದ ದೊಡ್ಡದೊಂದು ವಾಯ್ಸ್ ಮೆಸೇಜು. ಅದರಲ್ಲಿ ಕುಕ್ಕರ್ ವಿಷಲ್ಲೇ ಜಾಸ್ತಿ. ನಡುವೆ ಕೇಳಿಸಿದ್ದು ಇಷ್ಟು: “ನಮ್ಮನೆ ಮುಂದೆ ಎಷ್ಟು ಬೇಕಾದ್ರೂ ಇದೆ, ಸುಮ್ನೆ ಕಿತ್ತು ಬಿಸಾಕ್ತಿದ್ವಲ್ಲ.” ತುಮಕೂರು ಭಾವ ತಮ್ಮ ಎಂದಿನ ಸಾಲು ಹಾಕಿದರು: “ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ. ಕೆಮಿಕಲ್ ಮಾತ್ರೆ ಕಿಡ್ನಿ ಹೊಡೆಯುತ್ತೆ.”

ಆಮೇಲೆ ಮೈಸೂರು ಪುಟ್ಟಿ ಬಂದಳು. ನಲವತ್ತು ದಾಟಿದರೂ ನಮಗೆ ಪುಟ್ಟಿಯೇ. ದಾವಣಗೆರೆ ಅತ್ತೆಯ ಮಗಳು. ಎಂ.ಫಾರ್ಮ ಓದಿ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಇದ್ದಾಳೆ. ಅವಳು ಟೈಪ್ ಮಾಡುತ್ತಿದ್ದಾಳೆ ಅಂತ ಮೇಲೆ ಕಂಡರೆ ಸಾಕು, ಅರ್ಧ ಜನ ಗುಂಪನ್ನು ಮ್ಯೂಟ್ ಮಾಡುತ್ತಾರೆ.

ಪುಟ್ಟಿ: “ದೊಡ್ಡಮಾವ, ಇದಕ್ಕೆ ಆಧಾರ ಏನು? ಯಾರು ಪರೀಕ್ಷೆ ಮಾಡಿದ್ದು, ಯಾವ ವರ್ಷ?”

ದೊಡ್ಡಪ್ಪ: “ಎಲ್ಲದಕ್ಕೂ ಆಧಾರ ಕೇಳೋರು ನಾಳೆ ಹೆತ್ತವರಿಗೂ ಆಧಾರ ಕೇಳ್ತಾರೆ.”

ಪುಟ್ಟಿ: “ಭಾವ, ಉಮ್ಮತ್ತಿಯೂ ಗಿಡಮೂಲಿಕೆಯೇ. ಕಾಯಿ ಕಳಿಸಲಾ?”

ದೊಡ್ಡಪ್ಪ: “ಹಿರಿಯರ ಜೊತೆ ಮಾತಾಡೋ ರೀತಿನಾ ಇದು?”

ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು ದೊಡ್ಡಪ್ಪ. ತರಗತಿಯಲ್ಲಿ ಪ್ರಶ್ನೆ ಕೇಳುವುದು ಅವರ ಕೆಲಸ, ಉತ್ತರ ಕೊಡುವುದು ಉಳಿದವರದು. ಆ ಏರ್ಪಾಟು ಗುಂಪಿನಲ್ಲೂ ನಡೆಯಬೇಕು ಅನ್ನುವುದು ಅವರ ಆಸೆ.

ಪುಟ್ಟಿ ಆಗ ಒಂದು ಉದ್ದ ಮೆಸೇಜು ಬರೆದಳು. ‘ಇನ್ನಷ್ಟು ಓದಿ’ ಅಂತ ಬರುತ್ತಲ್ಲ, ಅದನ್ನು ಒತ್ತಿದವಳು ಬಹುಶಃ ನಾನೊಬ್ಬಳೇ. ಅದರಲ್ಲಿ ಇದ್ದದ್ದು ಒಳ್ಳೆ ಕಥೆ. 1952ರಲ್ಲಿ ಜಮೈಕಾದ ಡಾಕ್ಟರೊಬ್ಬರು ಕೆನಡಾದ ಡಾಕ್ಟರ್ ಕ್ಲಾರ್ಕ್ ನೋಬಲ್ ಅವರಿಗೆ ಒಂದು ಲಕೋಟೆ ಕಳಿಸಿದರು. ಒಳಗೆ ಇದೇ ನಿತ್ಯಪುಷ್ಪದ 25 ಎಲೆ. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಇದರ ಟೀ ಕುಡಿಯುತ್ತಾರೆ, ನೋಡಿ ಅಂತ. ಕ್ಲಾರ್ಕ್ ಅದನ್ನು ತಮ್ಮನಾದ ರಾಬರ್ಟ್ ನೋಬಲ್‌ಗೆ ದಾಟಿಸಿದರು. ಅಲ್ಲೂ ಫಾರ್ವರ್ಡೇ ಅನ್ನಿ. ಆದರೆ ಆ ತಮ್ಮ ಇನ್ನೊಬ್ಬರಿಗೆ ದಾಟಿಸದೆ ಲ್ಯಾಬಿಗೆ ಒಯ್ದ. ಇಲಿಗಳಿಗೆ ಕುಡಿಸಿದರೆ ಸಕ್ಕರೆ ಇಳಿಯಲೇ ಇಲ್ಲ. ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆ ಅಂತ ನೋಡಿದರೆ ರಕ್ತದಲ್ಲಿ ಬಿಳಿಕಣ ಕುಸಿದಿದೆ. ಬಿಳಿಕಣವನ್ನೇ ಇಳಿಸುವ ವಸ್ತು ಅಂದರೆ ರಕ್ತದ ಕ್ಯಾನ್ಸರಿಗೆ ಆಗಬಹುದಲ್ವಾ ಅಂದುಕೊಂಡರು. ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಜೊತೆ ಸೇರಿ ಎಲೆಯಿಂದ ವಿನ್‌ಬ್ಲಾಸ್ಟಿನ್ ಅನ್ನುವ ವಸ್ತು ಬೇರ್ಪಡಿಸಿದರು. ಅಮೆರಿಕದ ಎಲಿ ಲಿಲ್ಲಿ ಕಂಪನಿಯವರೂ ಅದೇ ಹೊತ್ತಿಗೆ ಇದೇ ಗಿಡದ ಹಿಂದೆ ಬಿದ್ದಿದ್ದರು. ಅದರಿಂದಲೇ ಅವರು ತೆಗೆದ ವಿನ್‌ಕ್ರಿಸ್ಟಿನ್ 1963ರಲ್ಲಿ ಮಾರುಕಟ್ಟೆಗೆ ಬಂತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಅದನ್ನು ಕೊಡುತ್ತಾರೆ.

ಕೊನೆಗೆ ಪುಟ್ಟಿ ಬರೆದದ್ದು: “ಅಂದರೆ ಈ ಎಲೆಯನ್ನ ಸಕ್ಕರೆಗೆ ಅಂತಲೇ ಪರೀಕ್ಷೆ ಮಾಡಿದ್ರು. ಆ ಪರೀಕ್ಷೆಯಲ್ಲಿ ಅದು ಪಾಸಾಗಲಿಲ್ಲ. ಕ್ಯಾನ್ಸರಿಗೆ ಪಾಸಾದದ್ದು ಎಲೆಯಲ್ಲ, ಎಲೆಯಿಂದ ತೆಗೆದ ವಸ್ತು. ಒಂದು ಗ್ರಾಂ ತೆಗೆಯೋಕೆ ನೂರಾರು ಕಿಲೊ ಒಣ ಎಲೆ ಬೇಕು. ವಿನ್‌ಕ್ರಿಸ್ಟಿನ್ ಅನ್ನ ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸೋದಿಲ್ಲ, ಅದೂ ರಕ್ತನಾಳಕ್ಕೆ ಮಾತ್ರ. ಏಳು ಎಲೆ ಅಂದ್ರೆ ಎಳೆಯದಾ, ಬಲಿತದ್ದಾ? ಅದರಲ್ಲಿ ಏನು ಎಷ್ಟಿದೆ ಅಂತ ರುಬ್ಬೋ ಕಲ್ಲಿಗೆ ಗೊತ್ತಾ?”

ದೊಡ್ಡಪ್ಪ: “ನೋಡಿ, ಅವಳೇ ಒಪ್ಪಿದಳು. ನಮ್ಮ ಗಿಡದಿಂದಲೇ ಕ್ಯಾನ್ಸರ್ ಮದ್ದು.”

ಆ ಗಿಡ ಮೂಲತಃ ಮಡಗಾಸ್ಕರಿನದು ಅಂತ ಪುಟ್ಟಿ ಬರೆದಳು. ಅದನ್ನೂ ಯಾರೂ ಓದಲಿಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಕಾಯಿದೆ ಪ್ರಕಾರ ಅಪರಾಧ ಅಂದಳು. “ಹಾಗಾದ್ರೆ ಟೀವಿಲಿ ದಿನಾ ಬರೋದೇನು?” ಅಂತ ಭಾವ ಕೇಳಿದರು. ಆ ಪ್ರಶ್ನೆಗೆ ಮಾತ್ರ ಪುಟ್ಟಿಯ ಹತ್ತಿರ ಉತ್ತರ ಇರಲಿಲ್ಲ. ನ್ಯಾಯವಾದ ಪ್ರಶ್ನೆಯೇ ಅದು.

ಅಷ್ಟರಲ್ಲಿ ದೊಡ್ಡಪ್ಪನ ಮಗ ಡಲ್ಲಾಸ್ ಅಣ್ಣನಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

“ಅಜ್ಜಿಯ ಆಡುಸೋಗೆ ಕಷಾಯ ನೆನಪಿದೆಯಾ? ಮೆಣಸು, ಜೀರಿಗೆ, ಜೋನಿಬೆಲ್ಲ. ಮೂಗು ಹಿಡಿದು ಕುಡಿಸ್ತಿದ್ರು. ಕೆಮ್ಮು ಮೂರೇ ದಿನಕ್ಕೆ ಓಡ್ತಿತ್ತು. ಇಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗೋ ಹೊತ್ತಿಗೆ ಕೆಮ್ಮೇ ಬೇಜಾರಾಗಿ ಹೋಗಿರುತ್ತೆ.”

ಇದಕ್ಕೆ ಹದಿನಾರು ಹೃದಯದ ಗುರುತು. ಪುಟ್ಟಿ ಕೂಡ ಒತ್ತಿದ್ದಳು. ಕೆಮ್ಮಿನ ಔಷಧಿಯಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಆಡುಸೋಗೆಯ ವ್ಯಾಸಿಸಿನ್ ಅನ್ನುವ ವಸ್ತುವಿನ ಜಾಡು ಹಿಡಿದು, ಅಜ್ಜಿ ಕೈ ಹಾಕಿದ್ದು ಸರಿಯಾದ ಗಿಡಕ್ಕೇ ಅಂತ ಬರೆದಳು. ಒಂದು ನಿಮಿಷ ಗುಂಪಿನಲ್ಲಿ ತಂಪು ಗಾಳಿ ಬೀಸಿತು.

ಅಣ್ಣ ಅಲ್ಲಿಗೇ ನಿಲ್ಲಿಸಬಹುದಿತ್ತು. “ಆ ಹಿತ್ತಲು, ಆ ಸೇದೋ ಬಾವಿ, ಎಲ್ಲ ಈಗ ಯಾರೋ ಲೇಔಟ್ ಮಾಡಿದ್ದಾರಂತೆ” ಅಂತ ಸೇರಿಸಿದ.

ದಾವಣಗೆರೆ ಅತ್ತೆ: “ಮಾರಿದ್ದು ಯಾರು ಅಂತ ನಿಮ್ಮಪ್ಪನ್ನೇ ಕೇಳು. ಹೆಣ್ಣುಮಕ್ಕಳ ಸಹಿ ಬೇಕಾದಾಗ ಮಾತ್ರ ನಮ್ಮ ನೆನಪು.”

ದೊಡ್ಡಪ್ಪ: “ಸಾಲ ತೀರಿಸಿದ್ದು ಯಾರು ಅನ್ನೋದನ್ನೂ ಹೇಳು.”

ಅತ್ತೆ: “ಅಮ್ಮನ ಸೊಂಟ ಮುರಿದಾಗ ಆಸ್ಪತ್ರೆ ಬೇಡ, ನಾಟಿ ವೈದ್ಯರೇ ಸಾಕು ಅಂದದ್ದು ಯಾರು? ಕಡೇವರೆಗೂ ಎದ್ದು ನಡೆದಳಾ ಅವಳು?”

ದೊಡ್ಡಪ್ಪ: “ಆಸ್ಪತ್ರೆಯವರು ಕೇಳಿದ ದುಡ್ಡು ಎಷ್ಟು ಗೊತ್ತಾ? ಅವತ್ತು ನಿನ್ನ ಯಜಮಾನರು ಎಲ್ಲಿದ್ರು?”

ಇಲ್ಲಿಂದ ಒಂದೂವರೆ ಗಂಟೆ ನಡೆದದ್ದರಲ್ಲಿ ಔಷಧಿಯ ಮಾತೇ ಇಲ್ಲ. ಹಿತ್ತಲಿನ ಅಳತೆ, ಬಾವಿಯ ಪಾಲು, ಒಬ್ಬರ ಮದುವೆಯಲ್ಲಿ ಇನ್ನೊಬ್ಬರಿಗೆ ಊಟಕ್ಕೆ ಕರೆಯದೇ ಇದ್ದದ್ದು. ಅದರ ನಡುವೆ, ಅತ್ತೆಯ ಎರಡು ಮೆಸೇಜುಗಳ ಮಧ್ಯೆ ಸಿಕ್ಕಿಕೊಂಡು, ಹಾಸನದ ಚಿಕ್ಕಮ್ಮನ ಒಂದು ಸಾಲು ಇತ್ತು. ಅವರು ಗುಂಪಿನಲ್ಲಿ ಬರೆಯುವುದೇ ಅಪರೂಪ. ಪೂರ್ಣವಿರಾಮವೂ ಇಲ್ಲ.

“ಇವರು ಯುಗಾದಿ ಆದಮೇಲೆ ಶುಗರ್ ಮಾತ್ರೆ ಬಿಟ್ಟಿದಾರೆ ಅದೇ ಎಲೆ ರುಬ್ಬಿ ಕುಡಿತಿದಾರೆ ನಂಗೆ ಭಯ ಆಗ್ತಿದೆ”

ಅದರ ಕೆಳಗೆ ತುಮಕೂರು ಭಾವ ಹೆಬ್ಬೆರಳು ಎತ್ತಿದ್ದಾರೆ. ಓದದೇ ಒತ್ತಿದ್ದು ಅಂತ ಆಮೇಲೆ ಹೇಳಿದರು. ನಂಬಬಹುದು, ಅವರು ತೀರಿಕೊಂಡವರ ಸುದ್ದಿಗೂ ಹೆಬ್ಬೆರಳೇ ಒತ್ತುವುದು.

ಹಿಡಿದದ್ದು ಪುಟ್ಟಿಯೇ. “ಹಾಸನದ ಮಾವ, ಮಾತ್ರೆ ಬಿಟ್ಟಿದ್ದು ನಿಜವಾ?” ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಆ ಎಲೆಯಲ್ಲಿ ವಿಷವೂ ಇದೆ, ದಯವಿಟ್ಟು ಇವತ್ತೇ ನಿಲ್ಲಿಸಿ ಅಂತ ಇನ್ನೊಮ್ಮೆ ಬರೆದಳು. ದೊಡ್ಡಪ್ಪ ಮಧ್ಯೆ ಬಂದರು: “ಮಾತ್ರೆ ಅನ್ನೋದೇ ಕೆಮಿಕಲ್. ಬಿಟ್ಟರೆ ಒಳ್ಳೇದೇ.”

ಪುಟ್ಟಿ: “ಮಾವ, ಅವರು ಬಿಟ್ಟಿರೋ ಮೆಟ್‌ಫಾರ್ಮಿನ್ನಿನ ಮೂಲವೂ ಒಂದು ಗಿಡವೇ. ಗ್ಯಾಲಿಗಾ ಅಂತ, ಯುರೋಪಿನದು. ಅಲ್ಲಿ ಹಳೇ ಕಾಲದಲ್ಲಿ ಅದನ್ನ ಮದ್ದಿಗೆ ಬಳಸ್ತಿದ್ರು. ಕುರಿಗಳು ಮೇಯ್ದರೆ ಸಾಯ್ತಿದ್ವು. ಅದರಲ್ಲಿರೋ ವಸ್ತು ಸಕ್ಕರೆ ಇಳಿಸುತ್ತೆ, ಆದರೆ ವಿಷ. ಅದೇ ಜಾತಿಯ, ಕಡಿಮೆ ತೊಂದರೆಯ ಇನ್ನೊಂದನ್ನ, ಅದೇ ಈ ಮೆಟ್‌ಫಾರ್ಮಿನ್, 1922ರಲ್ಲಿ ಡಬ್ಲಿನ್‌ನಲ್ಲಿ ತಯಾರಿಸಿದ್ರು. 1957ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಜಾನ್ ಸ್ಟರ್ನ್ ರೋಗಿಗಳಿಗೆ ಕೊಟ್ಟು ಫಲಿತಾಂಶ ಬರೆದ್ರು. ಅಮೆರಿಕದ ಅಂಗಡಿಗೆ ಬರೋಕೆ 1995 ಆಯ್ತು. ನಿಮಗೆ ಗಿಡವೇ ಬೇಕು ಅಂದ್ರೆ ಆ ಮಾತ್ರೆ ಗಿಡದ ಮೊಮ್ಮಗ.”

ಇದಕ್ಕೆ ದೊಡ್ಡಪ್ಪ ಕೊಟ್ಟ ಉತ್ತರ ನನಗೆ ಆಶ್ಚರ್ಯ ತಂದಿತು. ಈ ಸಲ ಅವರು ನಿಜವಾಗಿ ಓದಿದ್ದರು.

“ಹಾಗಾದರೆ ಸರ್ಪಗಂಧ? ಬಿಪಿಗೆ ಜಗತ್ತಿಗೇ ಮೊದಲು ಮದ್ದು ತೋರಿಸಿದ್ದು ಈ ದೇಶ. ನೀನು ಓದಿದ ಪುಸ್ತಕದಲ್ಲಿ ಇದೆಯೋ ಇಲ್ಲವೋ?”

ಇದೆ ಅಂದಳು ಪುಟ್ಟಿ. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬೈನ ರುಸ್ತುಂ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಹೊರದೇಶದವರು ಕಣ್ಣು ತೆರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರಿಸರ್ಪಿನ್ ಅನ್ನುವ ಬಿಪಿ ಮದ್ದು ಬೇರ್ಪಡಿಸಿತು. “ಹೆಮ್ಮೆ ಪಡಿ ಮಾವ, ನಾನೂ ಪಡ್ತೀನಿ. ಆದರೆ ಅದನ್ನ ತಗೊಂಡ ಕೆಲವರು ಮಂಕಾಗಿ ಖಿನ್ನತೆಗೆ ಬಿದ್ರು, ವರದಿ ಮೇಲೆ ವರದಿ ಬಂತು. ಈಗ ಬರೆದುಕೊಡೋರು ಅಪರೂಪ. ಗಿಡಕ್ಕೂ ಸೈಡ್ ಎಫೆಕ್ಟ್ ಇದೆ ಅಂತ ಗೊತ್ತಾದದ್ದೂ ಹಾಗೇ.”

ಇಲ್ಲಿಗೆ ಬಿಟ್ಟಿದ್ದರೆ ಗೆದ್ದಿರುತ್ತಿದ್ದಳು. ಅವಳ ಬಾಯಿ ಸುಮ್ಮನಿರಲಿಲ್ಲ. “ಇಷ್ಟು ನಂಬಿಕೆ ಇದ್ರೆ ನಿಮ್ಮ ಬಿಪಿ ಮಾತ್ರೆ, ಸ್ಟೆಂಟ್ ಹಾಕಿಸಿದ ಮೇಲಿನ ಮಾತ್ರೆ ಬಿಟ್ಟು ಸರ್ಪಗಂಧ ಅರೆದು ಕುಡೀರಿ. ತಮ್ಮನಿಗೆ ಎಲೆ, ನಿಮಗೆ ಮಾತ್ರೆನಾ?”

ಗುಂಪಿನಲ್ಲಿ ಬೂದುಬಣ್ಣದ ಸಾಲು ಬಂತು. ತಿಪಟೂರು ದೊಡ್ಡಪ್ಪ ಗುಂಪು ಬಿಟ್ಟಿದ್ದಾರೆ.

ಆಮೇಲಿನ ನೂರಾರು ಮೆಸೇಜೂ ಅದರ ಮೇಲೇ. ಸ್ಟೆಂಟ್ ವಿಷಯ ಎತ್ತಿದ್ದು ತಪ್ಪು ಅಂತ ಭಾವ. ಮೊದಲು ರೇಗಿಸಿದ್ದು ಅಪ್ಪನೇ ಅಂತ ಡಲ್ಲಾಸ್ ಅಣ್ಣ. ಅತ್ತೆಯಂತೂ, ಹಿತ್ತಲಿಗಾಗಿ ಬೆಳಿಗ್ಗೆಯಿಂದ ಅಣ್ಣನ ಮೇಲೆ ಹರಿಹಾಯ್ದವರು, ಈಗ ಮಗಳಿಗೇ ಬೈದರು: “ಮಾವಂಗೆ ಹಾಗನ್ನೋಕೆ ನಾಚಿಕೆ ಆಗಲ್ವಾ? ನಿನ್ನ ಫೀಸು ಕಟ್ಟಿದವರು ಅವರು.” ಫೋಟೊದಲ್ಲಿರುವುದು ದಾಸವಾಳ ಅಂತ ಯಾರದೋ ಹತ್ತನೇ ಕ್ಲಾಸಿನ ಮಗ ಬರೆದದ್ದು ಇದೇ ಗದ್ದಲದಲ್ಲಿ. ಅವನಿಗೆ ಓದಿಕೋ ಹೋಗು ಅಂದರು.

ಹಾಸನದ ಚಿಕ್ಕಪ್ಪ ಸಂಜೆ ಪುಟ್ಟಿಗೆ ಫೋನ್ ಮಾಡಿದರಂತೆ. ಕಂಪನಿಗಳ ಪಿತೂರಿ, ಪರಂಪರೆ, ಯಾವುದೂ ಅವರ ಮಾತಿನಲ್ಲಿ ಇರಲಿಲ್ಲ. ಮಾತ್ರೆ ಶುರುಮಾಡಿದಾಗಿಂದ ಹೊಟ್ಟೆ ಕೆಡುತ್ತಿತ್ತು. ಒಂದು ಸಲ ಬೆಂಗಳೂರಿಗೆ ಬರುವಾಗ ಯಡಿಯೂರು ದಾಟಿದ ಮೇಲೆ ಬಸ್ ನಿಲ್ಲಿಸಿ ಅಂತ ಕಂಡಕ್ಟರಿಗೆ ಕೈಮುಗಿಯಬೇಕಾಯಿತು. ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದರು. ಅರವತ್ತೆರಡು ವರ್ಷದ ಮನುಷ್ಯ. ಡಾಕ್ಟರಿಗೆ ಹೇಳೋಣ ಅಂದರೆ ಅಲ್ಲಿ ಒಳಗೆ ಹೋಗಿ ಕೂರುವಷ್ಟರಲ್ಲಿ ಚೀಟಿ ಬರೆದು ಮುಗಿದಿರುತ್ತೆ, ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ಹೆಂಡತಿಗೂ ಹೇಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ಯಾರೋ ಇದೇ ಎಲೆಯ ಫಾರ್ವರ್ಡ್ ಕಳಿಸಿದ್ದರು. ಮಾತ್ರೆ ಬಿಡಲು ಒಂದು ನೆವ ಸಿಕ್ಕಿತು.

ಮೆಟ್‌ಫಾರ್ಮಿನ್‌ಗೆ ಈ ತೊಂದರೆ ತೀರಾ ಮಾಮೂಲು. ಊಟದ ಜೊತೆ ತಗೊಳ್ಳಬೇಕು, ಸ್ವಲ್ಪದಿಂದ ಶುರುಮಾಡಬೇಕು. ನಿಧಾನಕ್ಕೆ ಕರಗುವ ಎಸ್‌ಆರ್ ಮಾತ್ರೆ ಅಂತಲೇ ಬರುತ್ತೆ, ಅದರಲ್ಲಿ ಹೊಟ್ಟೆ ಕೆಡುವುದು ಕಡಿಮೆ. ಪುಟ್ಟಿ ಇದನ್ನೆಲ್ಲ ಹೇಳಿ, ಹೊಟ್ಟೆಯ ವಿಷಯ ಮತ್ತು ಎಲೆಯ ವಿಷಯ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೇ ಡಾಕ್ಟರ್ ಹತ್ತಿರ ಹೋಗಿ ಅಂದಳು. ಹೋದರು. ಮೂರು ತಿಂಗಳ ಸಕ್ಕರೆ ಲೆಕ್ಕ, ಅದೇ ಎಚ್‌ಬಿಎ1ಸಿ, 9.4 ಬಂದಿತ್ತು, ಜಾಸ್ತಿಯೇ. ಮಾತ್ರೆ ಬದಲಾಯಿತು.

ದೊಡ್ಡಪ್ಪನನ್ನು ಭಾವ ಮೂರನೇ ದಿನ ಗುಂಪಿಗೆ ಮತ್ತೆ ಸೇರಿಸಿದರು. ಬಂದವರೇ ಒಂದು ಸುಭಾಷಿತ ಹಾಕಿ ಸುಮ್ಮನಾದರು. ಆದರೆ ಅದಕ್ಕೂ ಮೊದಲೇ, ಗುಂಪಿನಿಂದ ಹೊರಗಿದ್ದಾಗ, ಪುಟ್ಟಿಗೆ ಖಾಸಗಿಯಾಗಿ ಒಂದು ಮೆಸೇಜು ಕಳಿಸಿದ್ದರು. ತಮ್ಮ ಬಿಪಿ ಮಾತ್ರೆಯ ಹಾಳೆಯ ಫೋಟೊ, ಜೊತೆಗೆ ಪ್ರಶ್ನೆ:

“ಈ ಆಮ್ಲೋಡಿಪಿನ್ ತಗೊಂಡಾಗಿಂದ ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತೆ. ಇದರಿಂದಲೇನಾ?”

ಆಗಬಹುದು ಮಾವ, ಈ ಮಾತ್ರೆಗೆ ಅದು ಇದ್ದದ್ದೇ, ನೀವಾಗಿ ಬಿಡಬೇಡಿ, ಡಾಕ್ಟರಿಗೆ ಕಾಲು ತೋರಿಸಿ ಅಂತ ಪುಟ್ಟಿ ಬರೆದಳು. ಸರಿ ಅಂದರು. ಇನ್ನೊಂದು ಸಾಲು ಆಮೇಲೆ ಬಂತು: “ಗುಂಪಿನಲ್ಲಿ ಹೇಳಬೇಡಮ್ಮ.”