ಕೋಯಿಗಳ ಕಿವಿರಿಗೆ ಏನೋ ಆಗಿದೆ, ಔಷಧಿ ಹಾಕಿದರೂ ಗುಣವಿಲ್ಲ

ಕೊಥ್ರೂಡ್ ತಾರಸಿ (ಪುಣೆ): ನನ್ನ 2000 ಲೀಟರ್ ತೊಟ್ಟಿಯ ಹನ್ನೊಂದು ಕೋಯಿ ಮೀನುಗಳು ನಾಲ್ಕು ದಿನಗಳಿಂದ ನೀರು ಬೀಳುವ ಕಡೆ ಗುಂಪುಗೂಡಿ ಬಾಯಿ ತೆರೆದು ನಿಲ್ಲುತ್ತಿವೆ. ಎರಡು ಸತ್ತಿವೆ. ಅಂಗಡಿಯವರು ಕೊಟ್ಟ ಹಳದಿ ಔಷಧಿಯಿಂದ ಪ್ರಯೋಜನವಾಗಲಿಲ್ಲ. ನೀರು ತಿಳಿಯಾಗಿಯೇ ಇದೆ, ದಯವಿಟ್ಟು ನೀರಿನ ದೋಷವೆಂದು ಹೇಳಬೇಡಿ.

ವಾಸ್ಕೊ ಬಲೆ (ಗೋವಾ): ಇದು ಸಾಕಣೆಯ ಸಾಲ್ಮನ್‌ಗಳನ್ನು ಕಾಡುವ ಅಮೀಬಾ ರೋಗದಂತೆಯೇ ಕಾಣುತ್ತದೆ. 1980ರ ದಶಕದಲ್ಲಿ ಟಾಸ್ಮೇನಿಯಾದ ಸಾಕಣೆ ಕೇಂದ್ರಗಳಲ್ಲಿ ಕಾಣಿಸಿಕೊಂಡ ಈ ರೋಗದಲ್ಲಿ ಕಿವಿರಿನ ಮೇಲೆ ಬಿಳಿ ಲೋಳೆಯ ಮಚ್ಚೆಗಳೆದ್ದು ಮೀನು ಉಸಿರುಗಟ್ಟಿ ಸಾಯುತ್ತದೆ. ಅಲ್ಲಿ ಮೀನುಗಳನ್ನು ಎರಡು ಮೂರು ಗಂಟೆ ಸಿಹಿನೀರಿನಲ್ಲಿಟ್ಟು ಗುಣಪಡಿಸುತ್ತಾರೆ.

ಮುಲುಂದ್ ಮೀನುಮನೆ (ಮುಂಬೈ): ಸ್ವಾಮಿ, ಸಿಹಿನೀರೇ ಮದ್ದಾಗಿರುವ ರೋಗ ಹುಟ್ಟಿನಿಂದ ಸಿಹಿನೀರಿನಲ್ಲೇ ಇರುವ ಕೋಯಿಗೆ ಬರುವುದು ಹೇಗೆ? ಆ ರೋಗ ತರುವ ಅಮೀಬಾ, ನಿಯೋಪರಮೀಬಾ ಪೆರುರನ್ಸ್, ಸಮುದ್ರದ ಜೀವಿ. ತಾರಸಿಯವರೇ, ಸತ್ತ ಮೀನಿನ ಕಿವಿರಿನ ಮುಚ್ಚಳ ಎತ್ತಿ ಬಣ್ಣ ನೋಡಿದ್ದೀರಾ? ಈಚೆಗೆ ಫಿಲ್ಟರ್ ಮುಟ್ಟಿದ್ದೀರಾ?

ವಾಸ್ಕೊ ಬಲೆ: ಸಿಹಿನೀರಿನಲ್ಲೂ ಅಮೀಬಾಗಳಿವೆ, ಅದನ್ನು ಮರೆಯಬೇಡಿ.

ಕೊಥ್ರೂಡ್ ತಾರಸಿ: ಕಿವಿರು ಕೆಂಪಗಿರದೆ ಹಾಲು ಕಡಿಮೆಯಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಫಿಲ್ಟರ್‌ನ ಸ್ಪಂಜುಗಳನ್ನು ಹತ್ತು ದಿನಗಳ ಹಿಂದೆ ನಲ್ಲಿ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆದಿದ್ದೆ. ಅದು ಹೇಳಬೇಕಾದ ವಿಷಯವೆಂದು ಅನಿಸಲಿಲ್ಲ.

ಮುಲುಂದ್ ಮೀನುಮನೆ: ಹೇಳಬೇಕಾದದ್ದು ಅದೊಂದೇ ಆಗಿತ್ತು. ನಲ್ಲಿ ನೀರಿನ ಕ್ಲೋರಿನ್ ಸ್ಪಂಜಿನಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಕೊಂದಿದೆ. ಮೀನು ಹೊರಬಿಡುವ ಅಮೋನಿಯಾ ನೈಟ್ರೈಟ್ ಆದರೂ, ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಚೇತರಿಸಿಕೊಳ್ಳುವುದರಿಂದ ಅದು ನೀರಿನಲ್ಲೇ ಉಳಿದಿದೆ. ಕಿವಿರಿನ ಮೂಲಕ ರಕ್ತ ಸೇರುವ ನೈಟ್ರೈಟ್ ಹಿಮೋಗ್ಲೋಬಿನ್‌ನ ಆಮ್ಲಜನಕ ಹೊರುವ ಶಕ್ತಿಯನ್ನು ಕಸಿದುಕೊಳ್ಳುವುದರಿಂದಲೇ ಆ ಚಹಾದ ಬಣ್ಣ. ಅಯೋಡಿನ್ ಇಲ್ಲದ ಕಲ್ಲುಪ್ಪು 2 ಕಿಲೋ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ಅದರ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿನ ದಾರಿಗೆ ಅಡ್ಡ ನಿಲ್ಲುತ್ತದೆ. ಕ್ಲೋರಿನ್ ತೆಗೆದ ನೀರಿನಿಂದ ಮೂರನೆಯ ಒಂದು ಭಾಗ ಬದಲಿಸಿ, ಗಾಳಿಪಂಪು ಓಡಿಸಿ, ಆಹಾರ ನಿಲ್ಲಿಸಿ.

ವಾಸ್ಕೊ ಬಲೆ: ಅಯೋಡಿನ್ ಇದ್ದರೇನಂತೆ? ಅಷ್ಟು ಪ್ರಮಾಣದಲ್ಲಿ ಅದರಿಂದ ಹಾನಿಯಿಲ್ಲ.

ಮುಲುಂದ್ ಮೀನುಮನೆ: ಅದನ್ನು ಬೇರೆ ಚರ್ಚೆಯಲ್ಲಿ ನೋಡೋಣ.

ಕೊಥ್ರೂಡ್ ತಾರಸಿ: ಪರೀಕ್ಷೆಯ ಪಟ್ಟಿ ನೈಟ್ರೈಟಿಗೆ ಗಾಢ ಗುಲಾಬಿ ಬಂತು. ಉಪ್ಪು ಹಾಕಿ ನೀರು ಬದಲಿಸಿದೆ. ರಾತ್ರಿ ಒಂಬತ್ತರ ಹೊತ್ತಿಗೆ ನಾಲ್ಕು ಮೀನುಗಳು ತಳಕ್ಕೆ ಇಳಿದಿವೆ, ಉಳಿದವು ಇನ್ನೂ ನೀರು ಬೀಳುವಲ್ಲೇ ಇವೆ.

ವಾಸ್ಕೊ ಬಲೆ: ಸಂತೋಷ. ಆದರೂ ಕಿವಿರಿನ ಒಂದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಅಮೀಬಾ ಇಲ್ಲವೆಂದು ನಾನು ಒಪ್ಪುವುದಿಲ್ಲ.