ಹೊರಗಿನವರನ್ನು ಕರೆಸಿದರೆ ದುಡ್ಡು ದಂಡವೇ? ಅಣ್ಣನಿಗೂ ಪುಟ್ಟನಿಗೂ ಒಟ್ಟಿಗೆ ಹೇಳುತ್ತಿದ್ದೇನೆ

ಪುಟ್ಟ, ನಿನ್ನ ಮೆಸೇಜ್ ಈಗ ನೋಡಿದೆ. ಅಣ್ಣ ಹೇಳಿದ್ದೂ ಕೇಳಿದೆ. ಟೈಪ್ ಮಾಡುತ್ತಾ ಕೂತರೆ ನಾಳೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ಮೇಲಿನದು ನೋಡದವರಿಗೆ ಹೇಳಿಬಿಡುತ್ತೇನೆ. ಅಣ್ಣನ ಫ್ಯಾಕ್ಟರಿ ಎರಡು ವರ್ಷದಿಂದ ಬೆಳೆಯದೆ ಇದ್ದಲ್ಲೇ ಇದೆ, ಹೊರಗಿನ ಕನ್ಸಲ್ಟೆಂಟ್ ಒಬ್ಬರನ್ನು ಕರೆಸೋಣವೇ ಅಂತ ಅವರ ಮಗ ಪುಟ್ಟ ಕೇಳಿದ. ಅದಕ್ಕೆ ಅಣ್ಣ, "ಇಷ್ಟು ವರ್ಷ ನಡೆಸಿದ ನನಗೆ ಗೊತ್ತಿಲ್ಲದ್ದು ನಿನ್ನೆ ಬಂದವನಿಗೆ ಏನು ಗೊತ್ತಿರುತ್ತದೆ?" ಅಂದರು.

ಅಣ್ಣ, ನೀವು ಹೇಳಿದ್ದು ಸುಳ್ಳಲ್ಲ. ನಿಮ್ಮ ವ್ಯಾಪಾರ ನಿಮ್ಮಷ್ಟು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದರೆ ನನ್ನ ಕೇಳಿದರೆ, ಅವರಿಗೆ ಗೊತ್ತಿಲ್ಲ ಅನ್ನುವುದೇ ನಮಗೆ ಲಾಭ. ಗೊತ್ತಿಲ್ಲದವರು ಪ್ರಶ್ನೆ ಕೇಳುತ್ತಾರೆ. ನಾವು ಕೇಳುವುದನ್ನು ಯಾವತ್ತೋ ಬಿಟ್ಟಿರುತ್ತೇವೆ.

ನನ್ನದೇ ಕಥೆ ಹೇಳುತ್ತೇನೆ, ಇಷ್ಟು ದಿನ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಬಾಕ್ಸ್ ಪ್ರಿಂಟಿಂಗ್ ಯೂನಿಟ್‌ನಲ್ಲಿ ಒಂದು ಸಮಯದಲ್ಲಿ ಯಾವ ಆರ್ಡರೂ ಹೇಳಿದ ದಿನಕ್ಕೆ ಹೋಗುತ್ತಿರಲಿಲ್ಲ. ಎಲ್ಲರದೂ ಒಂದೇ ಮಾತು, ಇನ್ನೊಂದು ಮಷೀನ್ ಬೇಕು. ನಾನೂ ಅದನ್ನೇ ನಂಬಿದ್ದೆ, ಸಾಲದ ಕಾಗದಗಳೂ ರೆಡಿ ಇದ್ದವು. ಪರಿಚಯದವರೊಬ್ಬರು, ಸಾಲ ತಗೊಳ್ಳುವ ಮುಂಚೆ ಒಂದ್ಸಲ ಬೇರೆಯವರಿಗೆ ತೋರಿಸು ಅಂದರು. ಬಂದವಳು ನನ್ನ ಮಗಳ ವಯಸ್ಸಿನ ಹುಡುಗಿ. ಮೊದಲ ಮೂರು ದಿನ ಏನೂ ಮಾಡಲಿಲ್ಲ, ಒಂದು ನೋಟ್‌ಬುಕ್ ಹಿಡಿದು ಮಷೀನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಇದಕ್ಕಾ ನಾನು ಫೀಸ್ ಕೊಡುತ್ತಿರುವುದು ಅಂತ ಒಳಗೊಳಗೇ ಉರಿಯುತ್ತಿದ್ದೆ.

ನಾಲ್ಕನೇ ದಿನ ನೋಟ್‌ಬುಕ್ ತೋರಿಸಿದಳು. ಶಿಫ್ಟಿನ ಅರ್ಧ ಹೊತ್ತು ಮಷೀನ್ ಸುಮ್ನೆ ನಿಂತಿತ್ತು! ಒಂದು ಕೆಲಸ ಮುಗಿದು ಇನ್ನೊಂದಕ್ಕೆ ಹೋಗುವಾಗ ಡೈ (ಬಾಕ್ಸ್ ಕತ್ತರಿಸುವ ಅಚ್ಚು) ಹುಡುಕುವುದು, ಇಂಕ್ ಬದಲಾಯಿಸುವುದು, ಅದರಲ್ಲಿ ಸ್ವಲ್ಪ ಹೊತ್ತು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಗುತ್ತಿದ್ದುದು ಮೊದಲ ಸ್ಯಾಂಪಲ್‌ಗೆ ಸಹಿ ಬೀಳಲಿ ಅಂತ ಕಾಯುವುದರಲ್ಲಿ. ಸಹಿ ಯಾರದು? ನನ್ನದು. ನಾನು ಬ್ಯಾಂಕಿಗೆ ಹೋಗಿದ್ದರೆ, ಫೋನಿನಲ್ಲಿದ್ದರೆ, ಸ್ಯಾಂಪಲ್ ನನ್ನ ಟೇಬಲ್ ಮೇಲೆ ಬಿದ್ದಿರುತ್ತಿತ್ತು. ಅಡ್ಡ ಕೂತಿದ್ದವಳು ನಾನೇ. ಇನ್ನೊಂದು ಮಷೀನ್ ತಂದಿದ್ದರೆ ಎರಡು ಮಷೀನ್ ನನ್ನ ಸಹಿಗೆ ಕಾಯುತ್ತಿದ್ದವು, ಅಷ್ಟೇ ವ್ಯತ್ಯಾಸ.

ಇದನ್ನು ನಮ್ಮ ಆಪರೇಟರ್‌ಗೆ ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ನಾನು ಎಷ್ಟು ಸಲ ಹೇಳಿದ್ದೆ ಮೇಡಂ" ಅಂದ. ಹೇಳಿದ್ದ, ನಿಜ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಗಿತ್ತು ನನ್ನ ಕಥೆ. ಅವನು ಬಾಯಲ್ಲಿ ಹೇಳಿದ್ದು ದೂರಿನ ಹಾಗೆ ಕೇಳಿಸಿತ್ತು, ಅವಳು ನಿಮಿಷ ಲೆಕ್ಕ ಬರೆದು ತೋರಿಸಿದಾಗ ಒಪ್ಪಿಕೊಳ್ಳದೆ ದಾರಿ ಇರಲಿಲ್ಲ. ಸಂಬಳ ತಗೊಳ್ಳುವವನು ಮಾಲೀಕರ ಮುಖಕ್ಕೆ "ತಡ ಆಗುತ್ತಿರುವುದು ನಿಮ್ಮಿಂದ" ಅಂತ ಎಷ್ಟು ಸಲ ಹೇಳಿಯಾನು? ಅವಳಿಗೇನು, ಎರಡು ತಿಂಗಳಿಗೆ ಹೋಗುವವಳು, ಹೇಳಿಬಿಟ್ಟಳು.

ಈ ಹೊರಗಿನ ಕಣ್ಣು ಅನ್ನುವುದು ದೊಡ್ಡವರಿಗೂ ಬೇಕಾಗುತ್ತದೆ ಅಣ್ಣ. 1985ರಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಅಮೆರಿಕದ ಇಂಟೆಲ್ ಕಂಪನಿ ಮೆಮೊರಿ ಚಿಪ್‌ಗಳಲ್ಲಿ ಜಪಾನಿನ ಕಂಪನಿಗಳ ಎದುರು ನಷ್ಟದಲ್ಲಿತ್ತು. ಆ ಚಿಪ್‌ಗಳಿಂದಲೇ ಬೆಳೆದ ಕಂಪನಿ, ಬಿಡಲು ಮನಸ್ಸಿಲ್ಲ. ಆಗ ಕಂಪನಿಯ ಅಧ್ಯಕ್ಷರಾಗಿದ್ದ ಆಂಡಿ ಗ್ರೋವ್, ಸಿಇಒ ಆಗಿದ್ದ ಗಾರ್ಡನ್ ಮೂರ್ ಹತ್ತಿರ, ನಮ್ಮಿಬ್ಬರನ್ನೂ ತೆಗೆದು ಹೊಸ ಸಿಇಒ ತಂದರೆ ಅವನು ಏನು ಮಾಡುತ್ತಾನೆ ಅಂತ ಕೇಳಿದರಂತೆ. ಮೆಮೊರಿ ಬಿಟ್ಟುಬಿಡುತ್ತಾನೆ ಅಂದರಂತೆ ಮೂರ್. ಹಾಗಾದರೆ ನಾವೇ ಬಾಗಿಲಾಚೆ ಹೋಗಿ, ವಾಪಸ್ ಬಂದು ಯಾಕೆ ಮಾಡಬಾರದು ಅಂದರು ಗ್ರೋವ್. ಮಾಡಿದರು, ಮೈಕ್ರೋಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳಿನಂಥ ಚಿಪ್, ಅದರ ಕಡೆ ಹೊರಳಿದರು. ಇಲ್ಲಿ ಯಾವ ಕನ್ಸಲ್ಟೆಂಟೂ ಇಲ್ಲ, ನೋಡಿ. ಹೀಗೆ ತಾವೇ ಹೊರಗಿನವರಾಗಿ ನೋಡಬಲ್ಲವರಿಗೆ ಫೀಸ್ ಉಳಿಯುತ್ತದೆ. ನನ್ನಿಂದ ಆಗಲಿಲ್ಲ. ನಿಮ್ಮಿಂದ ಆಗುತ್ತದೆಯೇ ಅಂತ ನೀವೇ ಯೋಚನೆ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ.

ಪುಟ್ಟ, ಈಗ ನಿನಗೆ. ಬೇರೆ ಲಾಭಗಳು ನಿನಗೇ ಗೊತ್ತಿರುತ್ತವೆ. ರಫ್ತಿನ ಕಾಗದಪತ್ರ, ತೆರಿಗೆ, ಹೊಸ ಸಾಫ್ಟ್‌ವೇರ್ ಇಂಥದ್ದಕ್ಕೆ ಪರಿಣತರು ನಾಲ್ಕು ತಿಂಗಳು ಬೇಕು, ಜೀವಮಾನಪೂರ್ತಿ ಸಂಬಳಕ್ಕೆ ಬೇಡ. ದಿನದ ಲೆಕ್ಕದಲ್ಲಿ ಫೀಸ್ ಜಾಸ್ತಿ ಕಾಣುತ್ತದೆ, ವರ್ಷದ ಲೆಕ್ಕ ಹಾಕಿದರೆ ಹಾಗಿರುವುದಿಲ್ಲ. ಹತ್ತು ಕಡೆ ಕೆಲಸ ಮಾಡಿರುವುದರಿಂದ ಬೇರೆಯವರು ಎಲ್ಲಿ ಎಡವಿದರು ಅಂತಲೂ ಅವರಿಗೆ ಗೊತ್ತು. ಅಪ್ಪ ಮಗ ಒಂದೇ ವಿಷಯಕ್ಕೆ ಆರು ತಿಂಗಳು ಜಗಳ ಆಡುತ್ತಿದ್ದರೆ (ಯಾರ ಹೆಸರೂ ಹೇಳುತ್ತಿಲ್ಲ!) ನಡುವೆ ಮೂರನೆಯವರೊಬ್ಬರು ಇದ್ದರೆ ಮಾತು ಲೆಕ್ಕದ ಮೇಲೆ ನಡೆಯುತ್ತದೆ, ಹಳೇ ಕೋಪದ ಮೇಲಲ್ಲ.

ಆದರೆ ಕಣ್ಣು ಮುಚ್ಚಿಕೊಂಡು ಕರೆಸಬೇಡ. ಒಂದ್ಸಲ ನಾನೂ ಮೋಸ ಹೋಗಿದ್ದೇನೆ. ಬಿಲ್ಲಿಂಗ್ ಸಾಫ್ಟ್‌ವೇರ್ ಆರಿಸಿಕೊಡಿ ಅಂತ ಒಬ್ಬನಿಗೆ ಫೀಸ್ ಕೊಟ್ಟೆ, ಅವನು ಹೇಳಿದ್ದನ್ನೇ ತಗೊಂಡೆ, ಮಾರಿದವರಿಂದಲೂ ಅವನಿಗೆ ಕಮಿಷನ್ ಹೋಗಿತ್ತು ಅಂತ ಆಮೇಲೆ ತಿಳಿಯಿತು. ಅದಕ್ಕೇ ಮೊದಲ ದಿನವೇ ಕೇಳು, ನೀವು ಹೇಳುವ ವಸ್ತು ಮಾರುವವರಿಂದ ನಿಮಗೆ ಏನಾದರೂ ಸಿಗುತ್ತದೆಯೇ ಅಂತ. ಇಲ್ಲ ಅಂದರೆ ಅದನ್ನೇ ಒಪ್ಪಂದದಲ್ಲಿ ಬರೆಸು. ಗುಟ್ಟು ಕಾಯುವ ಮಾತೂ ಅದರಲ್ಲೇ ಇರಲಿ, ನಿನ್ನ ಗಿರಾಕಿಗಳ ಪಟ್ಟಿ, ರೇಟು ಎಲ್ಲ ಅವರ ಕೈಗೆ ಹೋಗುತ್ತದೆ. ಇನ್ನೊಂದು, ದೊಡ್ಡ ಕನ್ಸಲ್ಟಿಂಗ್ ಕಂಪನಿ ಆದರೆ ಮಾತಾಡಲು ತಲೆ ನರೆತವರು ಬರುತ್ತಾರೆ, ಕೆಲಸಕ್ಕೆ ಮೊನ್ನೆ ಸೇರಿದವರನ್ನು ಕಳಿಸುತ್ತಾರೆ. ದಿನಾ ಬರುವವರು ಯಾರು ಅಂತ ಮೊದಲೇ ಕೇಳಿ, ಅವರ ಹತ್ತಿರವೇ ಮಾತಾಡು. ಉಳಿಸಿದ್ದರಲ್ಲಿ ಪಾಲು ಕೊಡಿ ಸಾಕು ಅನ್ನುವವರ ಹತ್ತಿರ ಇನ್ನೂ ಹುಷಾರು. ಈ ವರ್ಷ ಮಷೀನ್ ರಿಪೇರಿ ನಿಲ್ಲಿಸಿದರೂ ಉಳಿತಾಯವೇ, ಮುಂದಿನ ವರ್ಷ ಅದು ಕೆಟ್ಟು ನಿಂತಾಗ ಅವರು ಇರುವುದಿಲ್ಲ.

ಮತ್ತೆ, ಅವರು ಹೋದ ಮೇಲೂ ಕೆಲಸ ನಡೆಯಬೇಕು. ಡೆಮಿಂಗ್ ಅಂತ ಅಮೆರಿಕದ ಒಬ್ಬರು 1950ರಲ್ಲಿ ಜಪಾನಿಗೆ ಹೋಗಿ ಗುಣಮಟ್ಟ ಅಳೆಯುವುದು ಹೇಗೆ ಅಂತ ಅಲ್ಲಿನ ಎಂಜಿನಿಯರ್‌ಗಳಿಗೂ ಕಂಪನಿ ಮುಖ್ಯಸ್ಥರಿಗೂ ಪಾಠ ಮಾಡಿದರು. ಅವರು ವಾಪಸ್ ಹೋದ ಮೇಲೂ ಅಲ್ಲಿನವರೇ ಅದನ್ನು ಮುಂದುವರಿಸಿದರು, ಮರುವರ್ಷವೇ ಅವರ ಹೆಸರಲ್ಲಿ ಪ್ರಶಸ್ತಿ ಶುರು ಮಾಡಿದರು. ಸ್ವಂತ ದೇಶದಲ್ಲಿ ಫೋರ್ಡ್ ಕಾರು ಕಂಪನಿಯವರು ಡೆಮಿಂಗ್ ಅವರನ್ನು ಕರೆಸಿದ್ದು 1981ರಲ್ಲಿ, ನೋಡು, ಅಲ್ಲೂ ಅದೇ ಹಿತ್ತಲ ಗಿಡದ ಕಥೆ! ಹಾಗಾಗಿ ನಿನ್ನ ಕಡೆಯ ಒಬ್ಬರನ್ನು ಮೊದಲ ದಿನದಿಂದ ಅವರ ಜೊತೆ ಕೂರಿಸು. ರಿಪೋರ್ಟ್ ಒಂದೇ ಕೊಟ್ಟು ಹೋದರೆ ಅದು ಬೀರು ಸೇರುತ್ತದೆ.

ಅಣ್ಣ, ನಿಮಗೆ ಒಂದೇ ಕೇಳಿಕೆ. ಇಡೀ ಫ್ಯಾಕ್ಟರಿ ತೋರಿಸುವುದು ಬೇಡ. ನಿಮ್ಮ ತಲೆ ತಿನ್ನುತ್ತಿರುವ ಒಂದೇ ಒಂದು ತೊಂದರೆ ಆರಿಸಿ, ಆರು ವಾರಕ್ಕೆ ಮಾತ್ರ ಕೊಡಿ. ಅವರು ಹೇಳಿದ್ದನ್ನೆಲ್ಲ ಮಾಡಬೇಕು ಅಂತಿಲ್ಲ, ಕೊನೆಗೆ ತೀರ್ಮಾನ ನಿಮ್ಮದೇ. ಪುಟ್ಟ, ಆ ಒಂದು ತೊಂದರೆ ಏನು ಅಂತ ನೀನೊಂದು ಚೀಟಿಯಲ್ಲಿ, ಅಪ್ಪ ಒಂದು ಚೀಟಿಯಲ್ಲಿ, ಒಬ್ಬರದು ಒಬ್ಬರು ನೋಡದೆ ಬರೆದು ನನಗೆ ಕಳಿಸಿ. ಎರಡರಲ್ಲೂ ಒಂದೇ ಇದ್ದರೆ ಆ ಹುಡುಗಿಯ ನಂಬರ್ ಕೊಡುತ್ತೇನೆ. ಬೇರೆ ಬೇರೆ ಇದ್ದರೆ, ಅವಳಿಗಿಂತ ಮುಂಚೆ ನಾನೇ ಭಾನುವಾರ ಬರುತ್ತೇನೆ.