ಕ್ಯಾಂಪಸ್‌ನಲ್ಲಿ ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ: ವಕೀಲರನ್ನು ಕೇಳಿ

ವಕೀಲೆ: ನಾನು ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾನೂನು) ಪ್ರಕರಣಗಳಲ್ಲಿ ಮಕ್ಕಳ ಪರ ವಾದಿಸುತ್ತೇನೆ. ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವವರು, ಓದುವವರು ಪ್ರಶ್ನೆ ಕೇಳಬಹುದು. ಮಗುವಿನ ಹೆಸರು, ಕ್ಯಾಂಪಸ್ ಹೆಸರು, ಗುರುತು ಸಿಗುವ ವಿವರ ಹಾಕಬೇಡಿ. ಹಾಕಿದರೆ ಅಳಿಸುತ್ತೇನೆ.

ಗ್ರಂಥಾಲಯ ಸಿಬ್ಬಂದಿ: ಮೇಡಂ, ಇಲ್ಲಿ ಓದುವವರೆಲ್ಲ ದೊಡ್ಡವರು. ಪೋಕ್ಸೋ ನಮಗೆ ಹೇಗೆ ಬರುತ್ತದೆ?

ವಕೀಲೆ: 18 ತುಂಬದ ಹುಡುಗ, ಹುಡುಗಿ ಎಲ್ಲರೂ ಕಾನೂನಿಗೆ ಮಕ್ಕಳೇ. 17ಕ್ಕೇ ಡಿಗ್ರಿಗೆ ಸೇರುವವರಿದ್ದಾರೆ. ಶಿಬಿರಕ್ಕೆ, ಈಜು ಕಲಿಯಲು ಬರುವ ಶಾಲಾ ಮಕ್ಕಳಿದ್ದಾರೆ. ಕ್ವಾರ್ಟರ್ಸ್‌ನಲ್ಲಿ ಸಿಬ್ಬಂದಿಯ ಮಕ್ಕಳು, ಕಟ್ಟಡ ಕೆಲಸದವರ ಮಕ್ಕಳು ಇದ್ದಾರೆ. ಯಾರೂ ಇವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ.

ಹಾಸ್ಟೆಲ್ ವಾರ್ಡನ್: ಸಾಕ್ಷಿ ಇಲ್ಲದೆ ದೂರು ಕೊಡಬಹುದಾ?

ವಕೀಲೆ: ಕೊಡಲೇಬೇಕು. ಪೋಕ್ಸೋ ಸೆಕ್ಷನ್ 19. ಅಪರಾಧ ಆಗಿದೆ ಎಂದು ಗೊತ್ತಾದರೂ, ಆಗಬಹುದು ಎಂಬ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು. ಸಾಕ್ಷಿ ಹುಡುಕುವುದು ಅವರ ಕೆಲಸ.

ಸಂಶೋಧನಾ ವಿದ್ಯಾರ್ಥಿ: ಮೇಡಂ, ನಮ್ಮಲ್ಲಿ ಶಾಲಾ ಮಕ್ಕಳ ಕ್ರೀಡಾ ಶಿಬಿರ ನಡೆಯುತ್ತಿದೆ. ನಾನು ಸ್ವಯಂಸೇವಕ. ಒಬ್ಬ ಕೋಚ್ ಒಂದು ಹುಡುಗನನ್ನು ಆಟದ ಸಾಮಾನು ಇಡುವ ಕೋಣೆಗೆ ಪದೇ ಪದೇ ಒಬ್ಬನೇ ಕರೆದುಕೊಂಡು ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ನಿನ್ನೆ ಹುಡುಗ ಅಳುತ್ತಾ "ಸರ್ ಜೊತೆ ಆ ರೂಮಿಗೆ ಹೋಗಲ್ಲ, ಅಲ್ಲಿ ಸರ್ ನನ್ನ ಚಡ್ಡಿ ತೆಗೀತಾರೆ" ಅಂದ. ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. "ಶನಿವಾರ ಶಿಬಿರ ಮುಗಿಯುತ್ತೆ, ಆಮೇಲೆ ನಾನೇ ಅವರನ್ನು ವಿಚಾರಿಸ್ತೀನಿ, ನೀನು ಸುಮ್ನಿರು" ಅಂದರು. ನನ್ನ ಪಿಎಚ್‌ಡಿ ಗೈಡ್ ಕೂಡ ಅವರೇ.

ವಕೀಲೆ: ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೆ ಉತ್ತರಿಸುತ್ತಿದ್ದೇನೆ. ಶನಿವಾರದವರೆಗೆ ಕಾಯಬೇಡಿ. ಇವತ್ತೇ ಠಾಣೆಗೆ ಹೋಗಿ, ಇಲ್ಲವೇ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಈಗಲೇ ಫೋನ್ ಮಾಡಿ. ಆ ಹುಡುಗ ನಾಳೆ ಬೆಳಿಗ್ಗೆ ಮತ್ತೆ ಅದೇ ಮೈದಾನಕ್ಕೆ ಬರುತ್ತಾನೆ.

ಮುಖ್ಯಸ್ಥರಿಗೆ ಹೇಳಿದ್ದರಿಂದ ನಿಮ್ಮ ಕರ್ತವ್ಯ ಮುಗಿಯಲಿಲ್ಲ. ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ಹೇಳಬೇಕು ಎಂದೇ ಕಾನೂನು ಹೇಳುತ್ತದೆ. ತಿಳಿಸದೇ ಇದ್ದವರಿಗೆ 6 ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ.

"ನಾನೇ ವಿಚಾರಿಸ್ತೀನಿ" ಅನ್ನುವ ಮಾತೇ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ. ಕೋಚ್‌ಗೆ ಸುಳಿವು ಸಿಕ್ಕರೆ ಆತ ಮೊದಲು ಹೋಗುವುದು ಆ ಹುಡುಗನ ಹತ್ತಿರ. ಆಮೇಲೆ ಆತನ ಫೋನಿನಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ.

ಹುಡುಗ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದಿಡಿ. ತಾರೀಕು, ಹೊತ್ತು, ಯಾರಿದ್ದರು ಎಲ್ಲ ಇರಲಿ. ಅವನು ಹೇಳದ್ದನ್ನು ಸೇರಿಸಬೇಡಿ. ಮತ್ತೆ ಮತ್ತೆ ಕೇಳಬೇಡಿ, "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ, ಸಹಾಯ ಮಾಡುವವರಿಗೆ ನಾನು ಹೇಳಬೇಕು" ಅನ್ನಿ. ಪೊಲೀಸರು ಅವನ ಹೇಳಿಕೆಯನ್ನು ಅವನ ಮನೆಯಲ್ಲಿ ಅಥವಾ ಅವನಿಗೆ ಒಪ್ಪಿಗೆಯಾದ ಜಾಗದಲ್ಲಿ, ಸಮವಸ್ತ್ರ ಹಾಕದೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಹೋಗಬೇಕು. ಅವನ ಜೊತೆಗಿರಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೀಗೇ ಆಯಿತು. 2001ರಲ್ಲಿ ನಿಮ್ಮಂಥ ಒಬ್ಬ ಕಿರಿಯ ಸಹಾಯಕ, ಅಲ್ಲಿನ ಮಾಜಿ ಫುಟ್‌ಬಾಲ್ ಕೋಚ್ ಹುಡುಗನೊಬ್ಬನ ಜೊತೆ ಸ್ನಾನದ ಕೋಣೆಯಲ್ಲಿದ್ದದ್ದನ್ನು ಕಂಡು ಮುಖ್ಯ ಕೋಚ್‌ಗೆ ಹೇಳಿದ. ಅವರು ಮೇಲಿನವರಿಗೆ ಹೇಳಿದರು. ಮೇಲಿನವರು ಪೊಲೀಸರಿಗೆ ಹೇಳಲೇ ಇಲ್ಲ. ಆ ಮಾಜಿ ಕೋಚ್‌ನ ಬಂಧನವಾದದ್ದು 2011ರಲ್ಲಿ. ಅಷ್ಟರಲ್ಲಿ ಇನ್ನೂ ಮಕ್ಕಳು ಅವನ ಕೈಗೆ ಸಿಕ್ಕಿದ್ದರು. 2017ರಲ್ಲಿ ಮಾಜಿ ಅಧ್ಯಕ್ಷರೂ ಸೇರಿ ಮೂವರು ಅಧಿಕಾರಿಗಳಿಗೆ ಜೈಲು ಶಿಕ್ಷೆ ಆಯಿತು.

ಗೈಡ್ ವಿಷಯ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕಲು ಬರುವುದಿಲ್ಲ, ಸೆಕ್ಷನ್ 19(7). ಆದರೆ ಗೈಡ್ ಸಹಿ ಹಾಕದೆ ಸತಾಯಿಸಿದರೆ ಅದನ್ನು ಈ ಸೆಕ್ಷನ್ ತಡೆಯುವುದಿಲ್ಲ. ಅದಕ್ಕೇ ಅವರ ಜೊತೆ ಆದ ಮಾತನ್ನೂ ಬರೆದಿಟ್ಟುಕೊಳ್ಳಿ. ಠಾಣೆಗೆ ಹೋಗಿ ಬಂದ ಮೇಲೆ ಕುಲಸಚಿವರಿಗೆ ಈಮೇಲ್ ಮಾಡಿ.

ನಿವೃತ್ತ ಪ್ರಾಧ್ಯಾಪಕ: ಪೊಲೀಸ್ ಬಂದರೆ ಸಂಸ್ಥೆಯ ಮಾನ ಹೋಗುತ್ತದೆ. ಮೊದಲು ಒಳಗೇ ಒಂದು ಸಮಿತಿ ಮಾಡಿ ನೋಡುವುದು ವಿವೇಕ.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ: ಮಗುವಿನ ಮಾನ ಯಾವ ಸಮಿತಿ ನೋಡುತ್ತೆ ಸರ್?

ನಿವೃತ್ತ ಪ್ರಾಧ್ಯಾಪಕ: ನಿನ್ನ ವಯಸ್ಸಿಗಿಂತ ಜಾಸ್ತಿ ಅನುಭವ ನನಗಿದೆಯಮ್ಮ. ಒಬ್ಬ ಅಮಾಯಕನ ಬದುಕು ಹಾಳಾದರೆ?

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ: ಅನುಭವ ಇರುವವರೇ ಇಷ್ಟು ದಿನ ಮುಚ್ಚಿಟ್ಟಿದ್ದು.

ವಕೀಲೆ: ಸರ್, ಆಂತರಿಕ ಸಮಿತಿ ಇರುವುದು ಲೈಂಗಿಕ ಕಿರುಕುಳದ ಇಲಾಖಾ ವಿಚಾರಣೆಗೆ. ಮಗುವಿನ ವಿಷಯದಲ್ಲಿ ಅದು ಪೊಲೀಸರ ಬದಲಿ ಆಗುವುದಿಲ್ಲ. ಆರೋಪಿಗೆ ನ್ಯಾಯಾಲಯವಿದೆ, ವಕೀಲರಿದ್ದಾರೆ.

ಪೋಷಕರೊಬ್ಬರು: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: "ಮಗುವಿಗೆ ಮೊದಲು ಸ್ನಾನ ಮಾಡಿಸಿ ಸಮಾಧಾನ ಮಾಡಿ. ಗೊಂಬೆ ಕೊಟ್ಟು ಎಲ್ಲಿ ಮುಟ್ಟಿದರು ತೋರಿಸಲು ಹೇಳಿ. ಅದನ್ನು ವಿಡಿಯೋ ಮಾಡಿ ಎಲ್ಲ ಗುಂಪಿಗೂ ಕಳಿಸಿ."

ವಕೀಲೆ: ಅಳಿಸಿ. ಸ್ನಾನ ಮಾಡಿಸಿದರೆ, ಬಟ್ಟೆ ಒಗೆದರೆ ವೈದ್ಯರಿಗೆ ಸಿಗಬೇಕಾದ ಸಾಕ್ಷ್ಯ ಹೋಗುತ್ತದೆ. ಬಟ್ಟೆಯನ್ನು ಕಾಗದದ ಚೀಲದಲ್ಲಿಡಿ, ಬೇಗ ಆಸ್ಪತ್ರೆಗೆ ಹೋಗಿ. ಗೊಂಬೆ ಹಿಡಿದು ನೀವು ಕೇಳಿದರೆ ನಾಳೆ ನ್ಯಾಯಾಲಯದಲ್ಲಿ "ಹೇಳಿಕೊಟ್ಟಿದ್ದಾರೆ" ಅನ್ನುತ್ತಾರೆ. ವಿಡಿಯೋ ಹಂಚಿ ಮಗುವಿನ ಗುರುತು ಬಯಲು ಮಾಡುವುದೇ ಒಂದು ಅಪರಾಧ. ಇಂಥದ್ದನ್ನು ಈ ಗುಂಪಿಗೆ ಇನ್ನೊಮ್ಮೆ ತರಬೇಡಿ.

ಪೋಷಕರೊಬ್ಬರು: ಒಳ್ಳೇದಕ್ಕೆ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಉಪನ್ಯಾಸಕ: ಸಾಕ್ಷಿ ಇಲ್ಲದಿದ್ದರೆ?

ವಕೀಲೆ: ಮೇಲೆ ಹೇಳಿದ್ದೇನೆ.

ಹಾಸ್ಟೆಲ್ ವಾರ್ಡನ್: 17 ವರ್ಷದ ಹುಡುಗಿ, 21ರ ಹುಡುಗ, ಇಬ್ಬರಿಗೂ ಇಷ್ಟ. ಇದಕ್ಕೂ ದೂರಾ?

ವಕೀಲೆ: ಲೈಂಗಿಕ ಸಂಬಂಧವಿದ್ದರೆ ಈಗಿರುವ ಕಾನೂನಿನಲ್ಲಿ 18ರ ಕೆಳಗೆ ಒಪ್ಪಿಗೆ ಲೆಕ್ಕಕ್ಕಿಲ್ಲ.

ಉಪನ್ಯಾಸಕ: ಅಂದರೆ ಪ್ರೀತಿಸಿದ ಹುಡುಗನನ್ನು ಜೈಲಿಗೆ ಹಾಕಿಸಬೇಕಾ? ಇದು ಅನ್ಯಾಯ.

ನಿವೃತ್ತ ಪ್ರಾಧ್ಯಾಪಕ: ಹಾಸ್ಟೆಲ್‌ನಲ್ಲಿ ಶಿಸ್ತಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ: ಸರ್, ಬೀಗ ಹಾಕುವುದು ಶಿಸ್ತಲ್ಲ.

ಉಪನ್ಯಾಸಕ: ಹುಡುಗಿಯ ಅಪ್ಪ ಅಮ್ಮನೇ ಇಂಥ ಕೇಸು ಹಾಕಿಸುವುದು ನೋಡಿದ್ದೀರಾ?

ವಕೀಲೆ: ನೋಡಿದ್ದೇನೆ. ಕಾನೂನು ಬದಲಾಗಬೇಕೋ ಬೇಡವೋ ಅನ್ನುವ ಜಗಳ ಬೇರೆ ಕಡೆ ಮಾಡಿ.

ಕ್ಯಾಂಪಸ್ ಶಿಶುವಿಹಾರದ ಶಿಕ್ಷಕಿ: ಇಲ್ಲಿ ಒಬ್ಬ ಆಯಾ ಮಕ್ಕಳಿಗೆ ಹೊಡೆಯುತ್ತಾರೆ. ಅದಕ್ಕೆ ಯಾರಿಗೆ ಹೇಳುವುದು ಮೇಡಂ?

ಆಪ್ತ ಸಮಾಲೋಚಕ: ವಿದ್ಯಾರ್ಥಿ ನಂಬಿ ಹೇಳಿದ್ದನ್ನು ಗುಟ್ಟಾಗಿ ಇಡಬೇಕಲ್ವಾ?

ವಕೀಲೆ: 18ರ ಕೆಳಗಿನವರ ಮೇಲಿನ ಲೈಂಗಿಕ ಅಪರಾಧವಾದರೆ ಗುಟ್ಟು ಇಡಲು ಬರುವುದಿಲ್ಲ. ಇದನ್ನು ಮೊದಲ ಭೇಟಿಯಲ್ಲೇ ವಿದ್ಯಾರ್ಥಿಗೆ ಹೇಳಿಬಿಡಿ.

ಉಪನ್ಯಾಸಕ: ದೂರು ಸುಳ್ಳು ಅಂತಾದರೆ ಜೈಲು ಅಂತಾರೆ. ಯಾಕೆ ಬೇಕು ಇದೆಲ್ಲ?

ವಕೀಲೆ: ಬೇಕೆಂದೇ ಸುಳ್ಳು ಹೇಳಿದವರಿಗೆ ಮಾತ್ರ ಶಿಕ್ಷೆ. 19(7) ಮೇಲೆ ಬರೆದಿದ್ದೇನೆ. ಓದದೆ ಕೇಳಬೇಡಿ.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ: ಕ್ಯಾಂಪಸ್ ಒಂದು ಊರು, ಮಗುವಿನ ಮನೆ ಇನ್ನೊಂದು ಊರು. ಯಾವ ಠಾಣೆ ಮೇಡಂ?

ವಕೀಲೆ: ಯಾವುದಾದರೂ. ಝೀರೋ ಎಫ್‌ಐಆರ್ (ತಮ್ಮ ವ್ಯಾಪ್ತಿಯದಲ್ಲದಿದ್ದರೂ ದಾಖಲಿಸುವ ಎಫ್‌ಐಆರ್) ಮಾಡಿ ಅವರೇ ವರ್ಗಾಯಿಸಬೇಕು. ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಅದನ್ನೇ ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.